ಮೂತಿ ಹೋಗಲೇಬೇಕಾಗಿತ್ತೇ? ‘ಪೆನೆಲೊಪಿ’ ಚಿತ್ರದ ಮುಕ್ತಾಯದ ಬಗ್ಗೆ ಒಂದು ಪ್ರಶ್ನೆ

ಡೊಂಬಿವಲಿ ಪೂರ್ವ ಅವರ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾವು ಧಾರವಾಡದ ಕಡೆಯವರು. ಮದುವೆಯಾಗಿ ಡೊಂಬಿವಲಿಗೆ ಬಂದು ನನಗೆ 29 ವರ್ಷಗಳಾದವು. ಕಳೆದ ಶನಿವಾರ ರಾತ್ರಿ ಮಗಳ ಒತ್ತಾಯಕ್ಕೆ ಅವಳೊಂದಿಗೆ ಕುಳಿತು ‘ಪೆನೆಲೊಪಿ’ ಎಂಬ ಇಂಗ್ಲಿಷ್ ಚಿತ್ರವನ್ನು ನೋಡಿದೆ. 2006ರಲ್ಲಿ ಟೊರಾಂಟೊ ಚಿತ್ರೋತ್ಸವದಲ್ಲಿ ಮೊದಲು ತೆರೆಕಂಡ, ಮಾರ್ಕ್ ಪಲನ್ಸ್ಕಿ ನಿರ್ದೇಶನದ ಈ ಚಿತ್ರವನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ನೋಡದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಮುಕ್ತಾಯವನ್ನು ಹೇಳದೆ ನನ್ನ ಪ್ರಶ್ನೆಯನ್ನು ಕೇಳಲಾಗುವುದಿಲ್ಲವಾದ್ದರಿಂದ, ಮುಂದೆ ನೋಡಬೇಕೆಂದಿರುವವರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ.

ಹಲವು ತಲೆಮಾರುಗಳ ಹಿಂದೆ ಒಂದು ಸಿರಿವಂತ ಮನೆತನದ ಹುಡುಗ ಮನೆಗೆಲಸದ ಹುಡುಗಿಯನ್ನು ಪ್ರೀತಿಸುತ್ತಾನೆ. ಅವಳು ಗರ್ಭಿಣಿಯಾದರೂ ಮನೆತನದ ಮರ್ಯಾದೆಗೆ ಅಂಜಿದ ಹಿರಿಯರು ಮದುವೆಗೆ ಒಪ್ಪುವುದಿಲ್ಲ. ಅವಳು ಬೆಟ್ಟದ ಅಂಚಿನಿಂದ ಹಾರಿ ಸಾಯುತ್ತಾಳೆ. ಮಾಟಗಾತಿಯಾದ ಅವಳ ತಾಯಿ, ಆ ವಂಶದಲ್ಲಿ ಹುಟ್ಟುವ ಮೊದಲ ಹೆಣ್ಣುಮಗುವಿಗೆ ಹಂದಿಯ ಮುಖ ಬರಲಿ, ಅವಳ ಕುಲದವರೇ ಒಬ್ಬರು ಅವಳನ್ನು ತಮ್ಮವಳೆಂದು ಒಪ್ಪಿಕೊಳ್ಳುವವರೆಗೆ ಅದು ಹೋಗದಿರಲಿ ಎಂದು ಶಪಿಸುತ್ತಾಳೆ. ಕಾಲಾನಂತರ ಹುಟ್ಟಿದ ಪೆನೆಲೊಪಿಗೆ ಹಂದಿಯ ಮೂತಿಯಿದೆ. ತಾಯಿ ತಂದೆ ಅವಳು ಸತ್ತಳೆಂದು ಲೋಕವನ್ನು ನಂಬಿಸಿ, ಮನೆಯೊಳಗೇ ಬೆಳೆಸಿ, ವಯಸ್ಸಿಗೆ ಬಂದ ಮೇಲೆ ದೊಡ್ಡ ಮನೆತನದ ವರಗಳನ್ನು ಕರೆಸಿ ತೋರಿಸುತ್ತಾರೆ. ಬಂದ ವರಗಳು ಮುಖ ಕಂಡದ್ದೇ ತಡ, ಕಿಟಕಿಯ ಗಾಜು ಒಡೆದುಕೊಂಡು ಹೊರಗೆ ಹಾರುತ್ತಾರೆ. ಮನೆಯ ಬಟ್ಲರ್ ಅವರನ್ನು ಬೆನ್ನಟ್ಟಿ ಹಿಡಿದು, ಹೊರಗೆ ಬಾಯಿ ಬಿಡುವುದಿಲ್ಲವೆಂಬ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾನೆ. ಈ ಭಾಗದಲ್ಲಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುತ್ತಿದ್ದಾಗಲೇ ಪಕ್ಕದಲ್ಲಿ ಮಗಳು ನಗುತ್ತಿಲ್ಲವೆಂಬುದು ಗಮನಕ್ಕೆ ಬಂತು.

ನನ್ನ ಮಗಳಿಗೆ ಈಗ 26 ವರ್ಷ. ಹುಟ್ಟಿದಾಗಿನಿಂದ ಅವಳ ಎಡಗೆನ್ನೆಯಿಂದ ದವಡೆಯವರೆಗೆ ದ್ರಾಕ್ಷಿಯ ಬಣ್ಣದ ಮಚ್ಚೆಯಿದೆ. ಲೇಸರ್ ಚಿಕಿತ್ಸೆಯಿಂದ ತಿಳಿಯಾದೀತು, ಹಲವು ಸಲ ಬರಬೇಕಾಗುತ್ತದೆ, ಪೂರ್ತಿ ಹೋಗುತ್ತದೆಂಬ ಭರವಸೆ ಕೊಡಲಾಗದು ಎಂದು ಚರ್ಮದ ಡಾಕ್ಟರು ಹೇಳಿದ್ದಾರೆ. ಈ ವರ್ಷ ಅವಳಿಗೆ ಸಂಬಂಧ ನೋಡಲು ಆರಂಭಿಸಿದ್ದೇವೆ. ಕೊಡಲೊಂದು ಒಳ್ಳೆಯ ಫೋಟೋ ಇರಲೆಂದು ಸ್ಟೇಷನ್ ಹತ್ತಿರದ ಒಂದು ಸ್ಟುಡಿಯೋದಲ್ಲಿ ತೆಗೆಸಿದೆವು. ಕೈಗೆ ಬಂದ ಪ್ರತಿಯಲ್ಲಿ ಮಚ್ಚೆಯೇ ಇರಲಿಲ್ಲ. ನಾವು ಕೇಳದೆಯೇ ಅದನ್ನು ಅಳಿಸಿ, ಎಡಗೆನ್ನೆಯನ್ನು ಬಲಗೆನ್ನೆಯಷ್ಟೇ ನುಣ್ಣಗೆ ಮಾಡಿ ಕೊಟ್ಟಿದ್ದರು. ನನಗೆ ಒಳಗೊಳಗೇ ಸಂತೋಷವಾಯಿತೆಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಮಗಳು ಮಾತ್ರ ಫೋಟೋವನ್ನು ತಿರುಗಿಸಿ ಹಿಂದುಗಡೆ ನೋಡಿ, “ಯಾರದೋ ಬದಲಾಗಿ ಬಂದಿದೆ, ಅವ್ವ” ಎಂದು ಮೇಜಿನ ಮೇಲಿಟ್ಟು ಆಫೀಸಿಗೆ ಹೋದಳು.

ಚಿತ್ರದ ಕೊನೆಗೆ ಪೆನೆಲೊಪಿ ಮದುವೆಯ ಮಂಟಪದಲ್ಲಿಯೇ ಒಲ್ಲೆನೆಂದು ತಿರುಗಿ ಬಂದು, ನಾನು ಹೇಗಿದ್ದೇನೋ ಹಾಗೆಯೇ ನನಗೆ ಇಷ್ಟವೆಂದು ತಾಯಿಗೆ ಹೇಳುತ್ತಾಳೆ. ಹಾಗೆ ಹೇಳಿದ ಗಳಿಗೆಗೇ ಶಾಪ ಕಳೆದು, ಮೂತಿ ಹೋಗಿ, ಎಲ್ಲರಂಥ ಮೂಗು ಬರುತ್ತದೆ. ಇಲ್ಲಿಗೆ ಬಂದಾಗ ಮಗಳು ಎದ್ದು ಅಡುಗೆಮನೆಗೆ ಹೋದಳು. ಹಾಲು ಕಾಯಿಸಲು ಹೋದೆನೆಂದಳು. ಹಾಲನ್ನು ನಾನು ಆಗಲೇ ಕಾಯಿಸಿಟ್ಟಿದ್ದೆ.

ನನ್ನ ಪ್ರಶ್ನೆ ಇಷ್ಟೆ. ತನ್ನನ್ನು ತಾನು ಒಪ್ಪಿಕೊಳ್ಳುವುದೇ ಈ ಚಿತ್ರದ ಹುರುಳಾದರೆ, ಒಪ್ಪಿಕೊಂಡವಳಿಗೆ ಬಹುಮಾನವಾಗಿ ಬೇರೆ ಮುಖವನ್ನು ಕೊಡುವುದು ತನ್ನ ಮಾತಿಗೆ ತಾನೇ ಎರಡು ಬಗೆದಂತಲ್ಲವೇ? ಇದನ್ನು ನಾನು ತಪ್ಪಾಗಿ ಓದಿಕೊಂಡಿದ್ದರೆ ತಿದ್ದಬೇಕೆಂದು ಕೋರುತ್ತೇನೆ.

ಮಾಟುಂಗಾ ಮೇಷ್ಟ್ರು ಅವರ ಉತ್ತರ:

ತಂಗಿ, ನಿಮ್ಮ ಪ್ರಶ್ನೆ ಸರಿಯಾಗಿದೆ, ಆದರೆ ಚಿತ್ರಕ್ಕೆ ನೀವು ಸ್ವಲ್ಪ ಅನ್ಯಾಯ ಮಾಡಿದ್ದೀರಿ ಎಂದು ನನಗನ್ನಿಸುತ್ತದೆ. ಮೈಸೂರು ಅಸೋಸಿಯೇಷನ್ನಿನ ಸಭಾಂಗಣದಲ್ಲಿ ಕುಳಿತು ಬಹಳ ವರ್ಷ ಕಥೆ ನಾಟಕಗಳ ಚರ್ಚೆಯನ್ನು ಕೇಳಿದವನಾದ್ದರಿಂದ, ಜನಪದ ಕಥೆಯ ನಿಯಮಗಳಿಂದಲೇ ಇದನ್ನು ನೋಡಲು ಬಯಸುತ್ತೇನೆ.

ನಮ್ಮ ಕಥೆಗಳಲ್ಲಿ ಶಾಪವೆಂದರೆ ಅದರ ಜೊತೆಗೆ ಉಶ್ಶಾಪವೂ ಇರಲೇಬೇಕು. ಕಲ್ಲಾದ ಅಹಲ್ಯೆ ಕಲ್ಲಾಗಿಯೇ ಉಳಿದರೆ ಕಥೆ ಮುಗಿಯಿತೆಂದು ಕೇಳುವವರು ಎದ್ದು ಹೋಗುವುದಿಲ್ಲ. ಕಥೆಗಾರನ ಕೌಶಲವಿರುವುದು ಉಶ್ಶಾಪ ಬರುವುದೋ ಇಲ್ಲವೋ ಎಂಬುದರಲ್ಲಿ ಅಲ್ಲ, ಅದರ ಷರತ್ತನ್ನು ಕಥೆಯೊಳಗಿನವರು ಹೇಗೆ ತಪ್ಪಾಗಿ ಓದಿಕೊಳ್ಳುತ್ತಾರೆ ಎಂಬುದರಲ್ಲಿ. ಈ ಚಿತ್ರದ ಜೀವ ಇರುವುದೂ ಅಲ್ಲಿಯೇ. ಕುಲದವರೊಬ್ಬರು ಒಪ್ಪಬೇಕು ಎಂಬ ಮಾತನ್ನು ಕೇಳಿದ ಕೂಡಲೇ ಆ ತಾಯಿಗೆ ತೋಚುವುದು ವರ, ಅದೂ ದೊಡ್ಡ ಮನೆತನದ ವರ. ಮಾಟಗಾತಿ ಮದುಮಗನೆಂಬ ಮಾತನ್ನೇ ಎತ್ತಿರಲಿಲ್ಲ. ಕುಲದವರೆಂದರೆ ಹೆತ್ತ ತಾಯಿಯೂ ಹೌದು, ತಂದೆಯೂ ಹೌದು, ಆ ಹುಡುಗಿ ತಾನೂ ಹೌದು. ತೊಟ್ಟಿಲಲ್ಲಿ ಮಲಗಿದ್ದ ದಿನವೇ ತಾಯಿ ಅವಳನ್ನು ನನ್ನ ಮಗಳೆಂದು ಎದೆಗೊತ್ತಿಕೊಂಡಿದ್ದರೆ ಶಾಪ ಅಂದೇ ಕಳೆಯುತ್ತಿತ್ತೇನೋ, ಕಿಟಕಿಯ ಗಾಜುಗಳೂ ಉಳಿಯುತ್ತಿದ್ದವು. ಕುಲದ ನೆಲೆಯನ್ನು ಕೇಳಿದ ಕನಕದಾಸರ ನಾಡಿನವರಾದ ನಮಗೆ ಈ ತಪ್ಪು ಓದು ಎಲ್ಲಿಂದ ಬರುತ್ತದೆಂದು ಬೇರೆ ಯಾರೂ ವಿವರಿಸಬೇಕಿಲ್ಲ. ಶಾಪ ಬಂದದ್ದೂ ಕುಲದ ಸೊಕ್ಕಿನಿಂದ, ಅದನ್ನು ಕಳೆಯಲು ಹೊರಟದ್ದೂ ಅದೇ ಸೊಕ್ಕಿನಿಂದ.

ಘಟನೆಗಳು ಯಾವ ಕ್ರಮದಲ್ಲಿ ನಡೆಯುತ್ತವೆ ಎಂಬುದನ್ನೂ ಗಮನಿಸಿ. ಆ ಮದುವೆಯಾದರೆ ಮೂತಿ ಹೋಗುತ್ತದೆ ಎಂಬ ನಂಬಿಕೆ ಅವಳಿಗಿದೆ. ವರನೂ ಸಿದ್ಧನಾಗಿ ನಿಂತಿದ್ದಾನೆ, ಮನಸ್ಸಿನಲ್ಲಿ ಏನೇ ಇರಲಿ. ಹೀಗೆ ಕೈಗೆ ಬಂದ ಹೊಸ ಮುಖವನ್ನು ಬೇಡವೆಂದು ಬಿಟ್ಟ ನಂತರ ಅವಳು ಆ ಮಾತನ್ನು ಹೇಳುತ್ತಾಳೆ. ಮೂತಿ ಹೋಗಲಿ ಎಂದು ಹೇಳಿದ್ದಲ್ಲ, ಹೋಗದಿದ್ದರೂ ಸರಿ ಎಂದು ಹೇಳಿದ್ದು. ಆ ಕ್ಷಣದ ನಂತರ ಮುಖ ಬದಲಾಯಿತೋ ಇಲ್ಲವೋ ಎಂಬುದು, ನನ್ನ ಮಟ್ಟಿಗೆ, ಊಟವಾದ ಮೇಲೆ ಬಡಿಸಿದ ಪಾಯಸದ ಹಾಗೆ.

ಇನ್ನೊಂದು ಸೂಕ್ಷ್ಮವನ್ನು ಹೇಳದೆ ಬಿಡಲಾರೆ. ಮೆದುಳಿಗೆ ರಕ್ತ ಒಯ್ಯುವ ಕತ್ತಿನ ದೊಡ್ಡ ನಾಳ ಆ ಮೂತಿಯ ಮೂಲಕ ಹಾದುಹೋಗಿರುವುದರಿಂದ ಶಸ್ತ್ರಚಿಕಿತ್ಸೆ ಸಾಧ್ಯವೇ ಇಲ್ಲವೆಂದು ಚಿತ್ರದಲ್ಲಿ ಮೊದಲೇ ಹೇಳಿಬಿಡುತ್ತಾರೆ. ಅಂದರೆ ವೈದ್ಯರ ಬಾಗಿಲನ್ನು ಕಥೆಗಾರರು ಬೇಕೆಂದೇ ಮುಚ್ಚಿದ್ದಾರೆ. ನಿಮ್ಮ ಮಗಳ ವಿಷಯದಲ್ಲಿ ಆ ಬಾಗಿಲು ಅರ್ಧ ತೆರೆದಿದೆ. ಆದ್ದರಿಂದ ಚಿತ್ರವನ್ನು ನಿಮ್ಮ ಮನೆಯ ಕನ್ನಡಿಯನ್ನಾಗಿ ಹಿಡಿಯುವಾಗ ಸ್ವಲ್ಪ ಎಚ್ಚರ ಬೇಕು.

ಪುಣೆಯ ಪರದೆ ಎಳೆಯುವವ ಅವರ ಉತ್ತರ:

ಮೇಷ್ಟ್ರ ಮೇಲೆ ಗೌರವವಿಟ್ಟುಕೊಂಡೇ ಹೇಳುತ್ತೇನೆ, ಪಾಯಸದ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಊಟದುದ್ದಕ್ಕೂ ಸಿಹಿ ತಿನ್ನಬಾರದೆಂದು ಉಪದೇಶಿಸಿದ ಮನೆಯವರು ಕೊನೆಗೆ ಪಾಯಸ ಬಡಿಸಿದರೆ ಉಪದೇಶದ ಗತಿಯೇನು?

ಪುಣೆಯಲ್ಲಿ ನಾವು ಕೆಲವರು ಹವ್ಯಾಸಕ್ಕಾಗಿ ಕನ್ನಡ ನಾಟಕ ಆಡುತ್ತೇವೆ. ಪರದೆ ಎಳೆಯುವುದರಿಂದ ತೊಡಗಿ ಈಗ ಪಾತ್ರ ಮಾಡುವವರೆಗೆ ಬಂದಿದ್ದೇನೆ. ಗಿರೀಶ ಕಾರ್ನಾಡರ ‘ಹಯವದನ’ದಲ್ಲಿ ಒಮ್ಮೆ ಭಾಗವತನಾಗಿದ್ದೆ. ‘ಪೆನೆಲೊಪಿ’ ನೋಡುವಾಗಲೆಲ್ಲ ನನಗೆ ಆ ನಾಟಕವೇ ಕಣ್ಣಮುಂದೆ ಬರುತ್ತದೆ. ಕುದುರೆಯ ತಲೆ ಹೊತ್ತ ಮನುಷ್ಯ ರಂಗಕ್ಕೆ ಬಂದಾಗ ಭಾಗವತ ಅದನ್ನು ಮುಖವಾಡವೆಂದು ತಿಳಿದು ಕೀಳಲು ನೋಡುತ್ತಾನೆ. ಎಷ್ಟು ಎಳೆದರೂ ಬರುವುದಿಲ್ಲ. ಪ್ರದರ್ಶನದ ದಿನ ನಾನು ಹುರುಪಿನಲ್ಲಿ ಸ್ವಲ್ಪ ಜೋರಾಗಿಯೇ ಎಳೆದುಬಿಟ್ಟೆ. ಗದ್ದದ ಕೆಳಗಿನ ಹುರಿ ಸಡಿಲಗೊಂಡು, ಬರಬಾರದ ತಲೆ ಅರ್ಧ ಕೈಗೆ ಬಂತು. ಸಭೆ ನಕ್ಕಿತು. ಒಳಗಿದ್ದ ಗೆಳೆಯ ತನ್ನ ಎರಡೂ ಕೈಗಳಿಂದ ಅದನ್ನು ಒತ್ತಿ ಹಿಡಿದುಕೊಂಡೇ ಮುಂದಿನ ಮಾತುಗಳನ್ನು ಮುಗಿಸಿದ. ತಲೆ ಕಳಚಿ ಬೀಳದಂತೆ ಹಾಗೆ ಒತ್ತಿ ಹಿಡಿಯುವುದೇ ಆ ನಾಟಕದ ತಾತ್ಪರ್ಯವೇನೋ ಎಂದು ಅಂದು ನನಗನ್ನಿಸಿತ್ತು.

ವಿಷಯಕ್ಕೆ ಬರುತ್ತೇನೆ. ಸ್ವಯಂವರಕ್ಕೆ ಬಂದ ರಾಜಕುಮಾರನನ್ನು ಬಿಟ್ಟು ಅವನ ಕುದುರೆಯನ್ನೇ ವರಿಸಿದ ರಾಜಕುಮಾರಿಯ ಮಗ ಹಯವದನ. ಅರೆಬರೆಯಾಗಿರುವುದು ಸಾಕಾಗಿ, ಪೂರ್ಣನನ್ನಾಗಿ ಮಾಡು ಎಂದು ಅವನು ಕಾಳಿಯನ್ನು ಬೇಡುತ್ತಾನೆ. ನಿದ್ದೆಗಣ್ಣಿನ ದೇವಿ ಅವನ ಮಾತು ಮುಗಿಯುವ ಮೊದಲೇ ತಥಾಸ್ತು ಎಂದುಬಿಡುತ್ತಾಳೆ, ಅವನು ಪೂರ್ಣ ಮನುಷ್ಯನಾಗುವ ಬದಲು ಪೂರ್ಣ ಕುದುರೆಯಾಗುತ್ತಾನೆ. ಉಳಿದಿದ್ದ ಮನುಷ್ಯಧ್ವನಿಯೂ ಕೊನೆಗೆ ಒಂದು ಮಗುವಿನೊಡನೆ ನಗುನಗುತ್ತ ಕೆನೆತವಾಗಿ ಬದಲಾದಾಗ ಅವನಿಗೆ ಪರಮಾನಂದವಾಗುತ್ತದೆ. ಪೂರ್ಣತೆಯೆಂದರೆ ಸುಂದರವಾದ ಮನುಷ್ಯಮುಖವೇ ಆಗಿರಬೇಕು ಎಂಬ ನಮ್ಮ ನಿರೀಕ್ಷೆಯನ್ನು 1971ರ ಈ ನಾಟಕ ತಲೆಕೆಳಗು ಮಾಡಿತು. ಅದಕ್ಕೆ ಮೂವತ್ತೈದು ವರ್ಷಗಳ ನಂತರ ಬಂದ ಚಿತ್ರಕ್ಕೆ ಅಷ್ಟು ಧೈರ್ಯ ಬರಲಿಲ್ಲ.

ಅಷ್ಟೇ ಅಲ್ಲ, ಚಿತ್ರ ಮೊದಲಿನಿಂದಲೇ ಅಂಜಿದೆ. ಅಂಟಿಸಿದ ಮೂತಿಯೊಂದಿಗೂ ಪೆನೆಲೊಪಿಯ ಪಾತ್ರ ಮಾಡಿದ ಕ್ರಿಸ್ಟಿನಾ ರಿಚಿ ಮುದ್ದಾಗಿಯೇ ಕಾಣುತ್ತಾರೆ. ದೊಡ್ಡ ಕಣ್ಣು, ಒಪ್ಪವಾದ ಕೂದಲು, ಕಣ್ಸೆಳೆಯುವ ಕೋಟುಗಳು. ಆ ಮುಖಕ್ಕೆ ಹೆದರಿ ಕಿಟಕಿಯಿಂದ ಹಾರುವವರನ್ನು ಕಂಡರೆ, ಅವರಿಗೆ ಮನೆಯ ಬಾಗಿಲು ಎಲ್ಲಿದೆಯೆಂದು ತಿಳಿಯಲಿಲ್ಲವೇನೋ ಎಂದಷ್ಟೇ ಅನ್ನಿಸುತ್ತದೆ. ನಿಜವಾಗಿ ನೋಡಲು ಕಷ್ಟವಾಗುವ ಮುಖವೊಂದನ್ನು ತೆರೆಯ ಮೇಲೆ ನೂರು ನಿಮಿಷ ಇಟ್ಟು, ನಾವು ಅದಕ್ಕೆ ಒಗ್ಗಿಕೊಳ್ಳುವಂತೆ ಮಾಡಿದ್ದರೆ ಆಗ ಅದು ಸಾಹಸ.

ಇನ್ನೊಂದು ಮಾತು. ‘ಹಯವದನ’ ಆರಂಭವಾಗುವುದು ಗಣಪತಿಯ ಪೂಜೆಯಿಂದ. ಆನೆಯ ತಲೆ, ಮುರಿದ ದಂತ, ದೊಡ್ಡ ಹೊಟ್ಟೆ. ಹೀಗಿದ್ದೂ ಅವನು ವಿಘ್ನಹರ್ತ, ಸಿದ್ಧಿದಾಯಕ. ಪುಣೆಯಲ್ಲಿಯೂ ನಿಮ್ಮ ಮುಂಬೈಯಲ್ಲಿಯೂ ಭಾದ್ರಪದದಲ್ಲಿ ಗಲ್ಲಿಗಲ್ಲಿಯಲ್ಲಿ ಅವನನ್ನು ಕೂರಿಸಿ ಕುಣಿಯುತ್ತೇವೆ. ಸೊಂಡಿಲಿನ ಜಾಗದಲ್ಲಿ ಮನುಷ್ಯನ ಮೂಗಿಟ್ಟು ಮೂರ್ತಿ ಮಾಡಿಕೊಡೆಂದು ಮೂರ್ತಿಕಾರನ ಬಳಿ ಯಾರಾದರೂ ಹೋದದ್ದನ್ನು ನಾನಂತೂ ಕಂಡಿಲ್ಲ.

ಮೀರಾರೋಡ್ ನಿವಾಸಿ ಅವರ ಉತ್ತರ:

ನಾವು ಉಡುಪಿ ಕಡೆಯವರು, ಹೋಟೆಲ್ ಕೆಲಸಕ್ಕೆಂದು ಮುಂಬೈಗೆ ಬಂದ ಮನೆತನ. ಹಂದಿಯ ಮೂತಿಯನ್ನು ಶಾಪವೆಂದು ಆ ಚಿತ್ರದವರು ತಿಳಿದಿರಬಹುದು; ನಮ್ಮ ಊರಿನ ಮನೆಯಲ್ಲಿ ಅದು ಪಂಜುರ್ಲಿ ದೈವದ ಮುಖ. ಕೋಲದ ರಾತ್ರಿ ಲೋಹದ ಹಂದಿಮೊಗವನ್ನು ಕಟ್ಟಿಕೊಂಡ ದೈವದ ಮುಂದೆ, ವಾಶಿಯಲ್ಲಿ ಎರಡೆರಡು ಫ್ಲ್ಯಾಟ್ ಇರುವವರೂ ಕೈಮುಗಿದು ನಿಲ್ಲುತ್ತಾರೆ. ಪುಣೆಯವರ ಗಣಪತಿಯ ಮಾತಿಗೆ ಇದನ್ನು ಸೇರಿಸಬೇಕೆನ್ನಿಸಿತು. ಆದರೆ ಒಂದು ಕಹಿಸತ್ಯವನ್ನೂ ಹೇಳಬೇಕು: ದೈವದ ಮುಖಕ್ಕೆ ಕೈಮುಗಿದು ಬಂದ ಮರುದಿನವೇ ಹೆಣ್ಣು ನೋಡಲು ಹೋದಾಗ ನಾವು ಬಣ್ಣ ಕೇಳುತ್ತೇವೆ, ಎತ್ತರ ಕೇಳುತ್ತೇವೆ.

ಮುಖ ಬದಲಾಗದೆ ಮುಗಿಯುವ ಚಿತ್ರ ಬೇಕೆಂದರೆ 2017ರ ‘ಒಂದು ಮೊಟ್ಟೆಯ ಕಥೆ’ಯನ್ನು ಮಗಳೊಂದಿಗೆ ನೋಡಿ, ಅಕ್ಕ. ರಾಜ್ ಬಿ. ಶೆಟ್ಟಿಯವರೇ ಬರೆದು, ನಿರ್ದೇಶಿಸಿ, ನಟಿಸಿದ ಚಿತ್ರ. ಮಂಗಳೂರಿನ ಬೊಕ್ಕತಲೆಯ ಕನ್ನಡ ಉಪನ್ಯಾಸಕ ಹೆಣ್ಣು ಹುಡುಕುವ ಕಥೆ. ಕೊನೆಯವರೆಗೂ ಒಂದೇ ಒಂದು ಕೂದಲೂ ಹೆಚ್ಚುವರಿ ಬೆಳೆಯುವುದಿಲ್ಲ. ನನಗೆ ಹೆಚ್ಚು ಹಿಡಿಸಿದ್ದು ಬೇರೆ ಸಂಗತಿ: ತನ್ನ ತಲೆಯನ್ನು ನೋಡಿ ಜನ ನಗುತ್ತಾರೆಂದು ಕೊರಗುವ ಆ ಮನುಷ್ಯ ತಾನೂ ಹುಡುಗಿಯರನ್ನು ರೂಪದಿಂದಲೇ ಅಳೆಯುತ್ತಾನೆ. ‘ಪೆನೆಲೊಪಿ’ಯಲ್ಲಿ ನಾಯಕಿಗೆ ಅಂಥ ದೋಷವನ್ನೇ ಕೊಟ್ಟಿಲ್ಲ, ಅವಳು ತೀರ ಒಳ್ಳೆಯವಳು.

ಮಡಗಾಂವ್ ಓದುಗಿ ಅವರ ಉತ್ತರ:

ಎಲ್ಲರೂ ಮೂತಿ ಹೋದ ಗಳಿಗೆಯ ಬಗ್ಗೆಯೇ ಮಾತನಾಡುತ್ತಿದ್ದೀರಿ. ನನ್ನ ಪ್ರಕಾರ ಚಿತ್ರದ ತಿರುವು ಅದಕ್ಕಿಂತ ಬಹಳ ಮೊದಲೇ ಆಗಿಹೋಗಿದೆ.

ಅವಳು ಮನೆಬಿಟ್ಟು ಓಡಿಬಂದು, ಮೂಗಿನವರೆಗೆ ಸ್ಕಾರ್ಫ್ ಸುತ್ತಿಕೊಂಡು ನಗರದಲ್ಲಿ ಅಲೆಯುವ ಭಾಗವನ್ನು ನೆನಪಿಸಿಕೊಳ್ಳಿ. ಜೀವನದಲ್ಲಿ ಮೊದಲ ಸಲ ಅವಳು ಒಂದು ಬಾರಿನಲ್ಲಿ ಕುಳಿತು ಬಿಯರ್ ಕುಡಿಯುತ್ತಾಳೆ, ಸ್ಕೂಟರ್ ಓಡಿಸುವ ಆನಿ ಎಂಬ ಗೆಳತಿಯನ್ನು ಸಂಪಾದಿಸುತ್ತಾಳೆ. ಆನಿಯ ಪಾತ್ರ ಮಾಡಿದ ರೀಸ್ ವಿದರ್‌ಸ್ಪೂನ್ ಈ ಚಿತ್ರದ ನಿರ್ಮಾಪಕರಲ್ಲೊಬ್ಬರೂ ಹೌದು. ಆ ಹೊತ್ತಿಗೆ ಪತ್ರಿಕೆಯವರು ಅವಳ ಫೋಟೋ ತಂದುಕೊಟ್ಟವರಿಗೆ ಹಣ ಕೊಡುವುದಾಗಿ ಸಾರಿರುತ್ತಾರೆ. ಕೈಯಲ್ಲಿದ್ದ ಕಾಸು ಮುಗಿದಾಗ ಅವಳು ಮಾಡುವುದೇನು? ತನ್ನ ಫೋಟೋವನ್ನು ತಾನೇ ತೆಗೆಸಿ, ತಾನೇ ಕೊಟ್ಟು, ಆ ಹಣವನ್ನು ಪಡೆಯುತ್ತಾಳೆ. ಯಾವ ಮುಖವನ್ನು ಬಚ್ಚಿಡಲು ಮನೆಯವರು ಸತ್ತಳೆಂದು ಸುಳ್ಳು ಹೇಳಿದರೋ, ಯಾವ ಮುಖವನ್ನು ಕದ್ದು ಸೆರೆಹಿಡಿಯಲು ಲೆಮನ್ ಎಂಬ ಪತ್ರಕರ್ತ ವರ್ಷಗಟ್ಟಲೆ ಹೊಂಚು ಹಾಕಿದ್ದನೋ, ಆ ಮುಖವನ್ನು ಅವಳು ತನ್ನ ಖರ್ಚಿಗಾಗಿ ತಾನೇ ಖರ್ಚು ಮಾಡಿದಳು! ಮುಂದೆ ಸ್ಕಾರ್ಫ್ ಜಾರಿ ಎಲ್ಲರೆದುರು ಮೂತಿ ಕಂಡಾಗ ಜನ ಹೆದರಿ ಓಡಲಿಲ್ಲ, ಅವಳನ್ನು ತಲೆಯ ಮೇಲೆ ಹೊತ್ತು ಕುಣಿದರು. ಜನರಿಗೆ ಹೆದರಿದ್ದವಳು ಅವಳ ತಾಯಿ ಮಾತ್ರ ಎಂಬುದು ಅಲ್ಲಿಗೆ ಬಯಲಾಯಿತು.

ಡೊಂಬಿವಲಿಯವರೇ, ಕ್ಷಮಿಸಬೇಕು, ನಿಮ್ಮ ಬರಹವನ್ನು ಓದಿದಾಗ ನನ್ನ ಮನಸ್ಸಿನಲ್ಲಿ ಉಳಿದದ್ದು ಚಿತ್ರದ ಮುಕ್ತಾಯವಲ್ಲ, ಸ್ಟುಡಿಯೋದ ಫೋಟೋ. ಮಗಳ ಫೋಟೋವನ್ನು ಈಗ ಸಂಬಂಧ ನೋಡುವವರಿಗೆ ಕಳಿಸುತ್ತಿರುವವರು ಯಾರು, ನೀವೋ ಅವಳೋ? ಅವಳು ಅಡುಗೆಮನೆಗೆ ಎದ್ದು ಹೋದದ್ದು ಪೆನೆಲೊಪಿಯ ಹೊಸ ಮೂಗನ್ನು ಕಂಡು ಎಂದು ನೀವು ತಿಳಿದಿದ್ದೀರಿ. ಆ ದೃಶ್ಯದಲ್ಲಿ ತಾಯಿಯ ಮುಖವೂ ತೆರೆಯ ಮೇಲಿರುತ್ತದೆ.

ಪುಣೆಯ ಪರದೆ ಎಳೆಯುವವ ಅವರ ಉತ್ತರ:

ಮಡಗಾಂವಿನವರ ಮಾತಿಗೆ ನನ್ನ ಬಳಿ ಉತ್ತರವಿಲ್ಲ. ಫೋಟೋದ ಪ್ರಸಂಗವನ್ನು ನಾನು ಹಾಸ್ಯದ ತುಣುಕೆಂದು ದಾಟಿಹೋಗಿದ್ದೆ. ಮುಕ್ತಾಯದ ಬಗ್ಗೆ ನನ್ನ ತಕರಾರು ಹಾಗೆಯೇ ಇದೆ, ಆದರೆ ಒಂದು ತಿದ್ದುಪಡಿ ಮಾಡಿಕೊಳ್ಳುತ್ತೇನೆ. ಮೂತಿ ಹೋದ ನಂತರ ಹ್ಯಾಲೊವೀನ್ ಹಬ್ಬದ ರಾತ್ರಿ ಅವಳು ತನ್ನದೇ ಹಳೆಯ ಮೂತಿಯ ಮುಖವಾಡವನ್ನು ಹಾಕಿಕೊಂಡು ಜಾನಿಯ ಬಾಗಿಲಿಗೆ ಹೋಗುತ್ತಾಳೆ. ತಾನು ದೊಡ್ಡ ಕುಲದವನಲ್ಲ, ತನ್ನಿಂದ ಶಾಪ ಕಳೆಯಲಾರದು ಎಂಬ ಕಾರಣಕ್ಕೆ ಹಿಂದೆ ಅವಳನ್ನು ಒಲ್ಲೆನೆಂದಿದ್ದ ಹುಡುಗ ಅವನು. ಮೂತಿಯನ್ನು ಕಂಡೇ ಒಲ್ಲೆನೆಂದ ಎಂದು ಅವಳು ತಪ್ಪು ತಿಳಿದಿದ್ದಳು. ಹೋದ ಮುಖವನ್ನು ಮತ್ತೆ ಹಾಕಿಕೊಂಡು ಅವನ ಬಳಿ ಹೋಗುವಲ್ಲಿ, ಆ ಮುಖದ ಮೇಲೆ ಅವಳಿಗೂ ಸ್ವಲ್ಪ ಮಮತೆ ಉಳಿದಿತ್ತೆಂದು ಬರೆದವರು ಒಪ್ಪಿಕೊಂಡಂತಿದೆ. ಭಾಗವತನಿಗೆ ಕೀಳಲಾಗದ ತಲೆಗೆ ಇದು ಸಮವಲ್ಲ. ಆದರೂ ಇಷ್ಟು ಅಂಕ ಕೊಡಬಹುದು.

ಡೊಂಬಿವಲಿ ಪೂರ್ವ ಅವರ ಮರುಮಾತು:

ಉತ್ತರಿಸಿದ ಎಲ್ಲರಿಗೂ ವಂದನೆಗಳು. ಮಡಗಾಂವಿನವರ ಪ್ರಶ್ನೆಯಿಂದ ಎರಡು ದಿನ ಸಿಟ್ಟಿನಲ್ಲಿದ್ದೆ, ಆದ್ದರಿಂದ ಬರೆಯಲು ತಡವಾಯಿತು.

ಮದುವೆಯ ದೃಶ್ಯವನ್ನು ಒಬ್ಬಳೇ ಮತ್ತೊಮ್ಮೆ ಹಾಕಿಕೊಂಡು ನೋಡಿದೆ. ಕ್ಯಾಥರೀನ್ ಓ’ಹಾರಾ ಮಾಡಿರುವ ಆ ತಾಯಿಯನ್ನು ಮೊದಲ ಸಲ ನೋಡಿದಾಗ ನಗೆಯ ಪಾತ್ರವೆಂದೇ ತಿಳಿದಿದ್ದೆ. ಮಗಳು ಮಂಟಪ ಬಿಟ್ಟು ಓಡಿದಾಗಲೂ ಆಕೆ ಬೆನ್ನುಹತ್ತಿ ಬರುವುದು ಮದುವೆ ಕೈತಪ್ಪೀತೆಂಬ ಆತಂಕದಿಂದ, ಮತ್ತು ಆ ಆತಂಕ ಸುಳ್ಳಲ್ಲ; ಆಕೆ ಕೆಟ್ಟವಳಲ್ಲ, ಮಗಳಿಗೆ ಒಳ್ಳೆಯದಾಗಲೆಂದೇ 25 ವರ್ಷ ಅವಳನ್ನು ಮುಚ್ಚಿಟ್ಟವಳು. ಮೂತಿಯ ಪ್ರಶ್ನೆಯನ್ನು ನಾನು ಇಲ್ಲಿ ಕೇಳಿದ್ದು ಸುಳ್ಳಲ್ಲ, ಅದಕ್ಕೆ ಪುಣೆಯವರ ಉತ್ತರವೇ ಈಗಲೂ ನನಗೆ ಸರಿಯೆನ್ನಿಸುತ್ತದೆ. ಆದರೆ ಮಗಳು ಆ ದಿನ ಎದ್ದು ಹೋದ ಕಾರಣ ಅದಾಗಿರಲಿಲ್ಲ. ಅವಳನ್ನೇ ಕೇಳಿದೆ. “ಆ ಅವ್ವ ಥೇಟ್ ನಿನ್ನ ಹಾಗೆ ಮಾತಾಡುತ್ತಿದ್ದಳು, ನಗು ತಡೆಯಲಾಗಲಿಲ್ಲ, ನಿನ್ನೆದುರಿಗೆ ನಗಬಾರದೆಂದು ಎದ್ದು ಹೋದೆ” ಎಂದಳು.

ಸ್ಟುಡಿಯೋಗೆ ಹೋಗಿ ಮೂಲ ಫೋಟೋವನ್ನು ಕೇಳಿದೆ. ಅಳಿಸುವ ಮುಂಚಿನದನ್ನು ಉಳಿಸಿಕೊಂಡಿಲ್ಲವೆಂದರು. ಕೆಲಸ ಇಷ್ಟು ಚೆನ್ನಾಗಿ ಬಂದಿರುವಾಗ ಹಳೆಯದು ಯಾಕೆ ಎಂದು ಅವರಿಗೆ ಅರ್ಥವೇ ಆಗಲಿಲ್ಲ. ಭಾನುವಾರ ಬೆಳಗ್ಗೆ ಮಗಳು ಬಾಲ್ಕನಿಯಲ್ಲಿ, ಒಣಗಿಹಾಕಿದ ಬಟ್ಟೆಗಳನ್ನು ಒಂದು ಪಕ್ಕಕ್ಕೆ ಸರಿಸಿ, ಎಡಗೆನ್ನೆಯನ್ನು ಬೆಳಕಿಗೆ ಹಿಡಿದು ತನ್ನ ಮೊಬೈಲಿನಲ್ಲಿ ತಾನೇ ಫೋಟೋ ತೆಗೆದುಕೊಂಡಳು. ಮೂಲೆಯಲ್ಲಿ ನನ್ನ ಸೀರೆಯ ಸೆರಗು ಸ್ವಲ್ಪ ಬಿದ್ದಿದೆ. ಕತ್ತರಿಸು ಎಂದೆ, ಇರಲಿ ಎಂದಳು. ಲೇಸರ್ ವಿಷಯವನ್ನು ಬೇಕೆನ್ನಿಸಿದಾಗ ತಾನೇ ಎತ್ತುತ್ತೇನೆ, ಅಲ್ಲಿಯವರೆಗೆ ಡಾಕ್ಟರಿಗೆ ಫೋನ್ ಮಾಡಬೇಡ ಎಂದೂ ಹೇಳಿದಳು. ಮಾಡಿಲ್ಲ.

ಆ ಫೋಟೋವನ್ನು ಮೂರು ಮನೆಗಳಿಗೆ ಅವಳೇ ಕಳಿಸಿದ್ದಾಳೆ. ಎರಡು ಮನೆಗಳಿಂದ ಇನ್ನೂ ಉತ್ತರ ಬಂದಿಲ್ಲ. ಮೂರನೆಯವರು ಜಾತಕ ಕೇಳಿದ್ದಾರೆ.